ಚಿಕ್ಕ ಮಕ್ಕಳ ಜೊತೆ ಕಡಲಿಗೆ: ಕೈಗೆ ಸಿಗುವುದು ಎರಡೇ ಗಂಟೆ

ಬೆಂಗಳೂರಿನ ಮನೆಗಳಲ್ಲಿ ತಯಾರಾಗುವ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಶನಿವಾರ ಉಡುಪಿ ಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಭಾನುವಾರ ಕೊಲ್ಲೂರು, ಮರವಂತೆ, ಮುರುಡೇಶ್ವರ, ರಾತ್ರಿ ವಾಪಸ್. ಜೊತೆಗೆ ಐದು ವರ್ಷದೊಳಗಿನ ಮಗುವಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿ. ಆ ವಯಸ್ಸಿನವರು ಮರಳು, ನೀರಿನಲ್ಲಿ ಖುಷಿಯಾಗಿರುವುದು ಒಂದು ಹೊತ್ತಿಗೆ ಹೆಚ್ಚೆಂದರೆ ಎರಡು ಗಂಟೆ. ಆಮೇಲೆ ಹಸಿವು, ನಿದ್ದೆ, ಉಪ್ಪಿನ ಉರಿ ಮೂರೂ ಒಟ್ಟಿಗೇ ಬಂದು ಅಳು ಶುರುವಾಗುತ್ತದೆ. ಆ ಎರಡು ಗಂಟೆ ಸರಿಯಾಗಿ ಕಳೆದರೆ ಉಳಿದದ್ದು ಕೆಟ್ಟರೂ ಸಹಿಸಬಹುದು. ಏನಾದರೊಂದು ಕೆಟ್ಟೇ ಕೆಡುತ್ತದೆ, ಅದಿರಲಿ.

ಯಾವ ಎರಡು ಗಂಟೆ? ಬೆಳಗ್ಗೆ 7ರಿಂದ 9. ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಅಲೆ ತಗ್ಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಮಧ್ಯಾಹ್ನದ ನಂತರ ಕಡಲಿನಿಂದ ಬರುವ ಗಾಳಿಗೆ ನೀರು ಕಲಕಿ, ಅಲೆ ಒಂದರ ಹಿಂದೊಂದು ಬಿಡುವಿಲ್ಲದೆ ಹೊಡೆಯುತ್ತದೆ. ದೊಡ್ಡವರಿಗೆ ಅದೇ ಮಜಾ. ಎರಡೂವರೆ ಅಡಿ ಎತ್ತರದ ಮಗುವಿಗೆ ಬಿದ್ದು ಏಳುವಷ್ಟರಲ್ಲಿ ಮತ್ತೊಂದು ಅಲೆ ಬಂದಿರುತ್ತದೆ. ಸಂಜೆ ಜನಜಂಗುಳಿಯೂ ಹೆಚ್ಚು. ಸೂರ್ಯಾಸ್ತ ನೋಡಲೇಬೇಕೆಂದರೆ ಡಿಸೆಂಬರ್‌ನಲ್ಲಿ ಸುಮಾರು 6:10ಕ್ಕೆ, ಮೇ ತಿಂಗಳಲ್ಲಿ 6:50ರ ಆಸುಪಾಸಿಗೆ ಮುಳುಗುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಮಗುವನ್ನು ತೊಳೆದು ಒಣಬಟ್ಟೆ ಹಾಕಿಬಿಡಿ. ಕತ್ತಲಲ್ಲಿ ಒದ್ದೆ ಮಗು, ಕಳೆದ ಚಪ್ಪಲಿ, ಕಾರಿನ ಕೀ ಮೂರನ್ನೂ ಸಂಭಾಳಿಸುವುದು ಯಾರಿಗೂ ಬೇಡ.

ಬೆಳಗಿನ ಹೊತ್ತಿಗೂ ಒಂದು ಅಪಾಯವಿದೆ. ಗಾಳಿ ಕಡಲಿನ ಕಡೆಗೆ ಬೀಸುವುದರಿಂದ ಗಾಳಿ ತುಂಬಿದ ಟ್ಯೂಬು, ತೇಲುವ ಬಾತುಕೋಳಿ ನೀರಿಗೆ ಬಿದ್ದರೆ ಸರಸರನೆ ಒಳಕ್ಕೆ ಹೋಗುತ್ತವೆ. ಮಗು ಅದರ ಮೇಲೆ ಕೂತಿದ್ದರೆ ಮಗುವೂ ಹೋಗುತ್ತದೆ. ಅದನ್ನು ಹಿಡಿಯಲು ಹೋದ ಅಪ್ಪಂದಿರೂ ಸಿಕ್ಕಿಕೊಳ್ಳುತ್ತಾರೆ. ಟ್ಯೂಬನ್ನು ಈಜುಕೊಳಕ್ಕೆ ಇಟ್ಟುಕೊಳ್ಳಿ, ಕಡಲಿಗೆ ತರಲೇಬೇಡಿ.

ಹೊರಡುವ ಮೊದಲು ಫೋನಿನಲ್ಲಿ ಆ ಊರಿನ ಉಬ್ಬರವಿಳಿತದ ಸಮಯ ನೋಡಿಕೊಳ್ಳಿ. ದಿನಕ್ಕೆ ಸುಮಾರಾಗಿ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸಮಯ ಹತ್ತಿರ ಹತ್ತಿರ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಅಗಲವಾದ, ಗಟ್ಟಿಯಾದ ಒದ್ದೆ ಮರಳು ಸಿಗುತ್ತದೆ. ಚಿಕ್ಕವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಬೆಡ್‌ಶೀಟು ಹಾಸುವುದು ಒಣಗಿದ ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆಗಿಂತ ಮೇಲೆ. ಹಿಂದಿನ ಉಬ್ಬರ ಬಂದು ನಿಂತ ಗುರುತು ಅದು. ಅದಕ್ಕಿಂತ ಕೆಳಗೆ ಇಟ್ಟ ಚಪ್ಪಲಿ, ಚೀಲ ಯಾವ ಕ್ಷಣದಲ್ಲಾದರೂ ಒದ್ದೆಯಾಗಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ.

ಯಾವ ಕಡಲತೀರ ಎಂಬ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟ: ಪಡುಬಿದ್ರಿ ಇಲ್ಲವೇ ಹೊನ್ನಾವರದ ಕಾಸರಕೋಡು. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರಗಳಿವು. ಪ್ರವೇಶಕ್ಕೆ ದುಡ್ಡು ಕೊಡಬೇಕು. ಬದಲಿಗೆ ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಶವರ್, ಶೌಚಾಲಯ, ಜೀವರಕ್ಷಕರು, ಈಜಲು ಗುರುತು ಹಾಕಿದ ಜಾಗ ಸಿಗುತ್ತವೆ. ಮಕ್ಕಳಿರುವ ಮನೆಗೆ ಶೌಚಾಲಯ ಮತ್ತು ಸಿಹಿನೀರು ಇದ್ದರೆ ಅರ್ಧ ಗೆದ್ದಂತೆ. ಆದರೆ ಎರಡೂ ಕಡೆ ಹತ್ತಿರದಲ್ಲೇ ಅಳಿವೆ ಇದೆ. ಹೊಳೆ ಕಡಲು ಸೇರುವ ಜಾಗದಲ್ಲಿ ನೀರು ಶಾಂತವಾಗಿ ಕಂಡರೂ, ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ಸೆಳೆತವೂ ಒಟ್ಟಾಗಿ ಎಳೆಯುತ್ತವೆ. ಕಾಲಡಿಯ ಮರಳೂ ಕುಸಿಯುತ್ತದೆ. ಗುರುತು ಹಾಕಿದ ಜಾಗ ಬಿಟ್ಟು ಅತ್ತ ಹೋಗಬೇಡಿ.

ಉಡುಪಿಯಲ್ಲೇ ಉಳಿದವರಿಗೆ ಮಲ್ಪೆ ಹತ್ತಿರ. ತೀರ ಸಮತಟ್ಟಾಗಿದೆ, ತಿಂಡಿ ಸಿಗುತ್ತದೆ, ವಾರಾಂತ್ಯದ ಸಂಜೆ ಮಾತ್ರ ಕಾಲಿಡಲು ಜಾಗವಿರುವುದಿಲ್ಲ. ಕಾಪುವಿನಲ್ಲಿ 1901ರ ದೀಪಸ್ತಂಭವಿದೆ. ಬಂಡೆ ಹೆಚ್ಚು, ಬಂಡೆಯ ಪಕ್ಕದ ನೀರಿನಲ್ಲಿ ಸೆಳೆತವೂ ಹೆಚ್ಚು. ದೀಪಸ್ತಂಭ ನೋಡಿ ಬನ್ನಿ, ಮಕ್ಕಳನ್ನು ನೀರಿಗಿಳಿಸಬೇಡಿ. ಮರವಂತೆಯೂ ಅಷ್ಟೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಚಿತ್ರಕ್ಕೆ ಚೆಂದ, ಆದರೆ ಮೂರು ವರ್ಷದ ಮಗು ಕೈ ಬಿಡಿಸಿಕೊಂಡು ಓಡಿದರೆ ಒಂದು ಕಡೆ ಕಡಲ್ಕೊರೆತಕ್ಕೆ ಸುರಿದ ಬಂಡೆಗಲ್ಲು, ಮತ್ತೊಂದು ಕಡೆ ಲಾರಿ. ಸೇಂಟ್ ಮೇರೀಸ್ ದ್ವೀಪವನ್ನು ಮಗುವಿಗೆ ಐದಾಗುವವರೆಗೆ ಮುಂದೂಡಿ. ದೋಣಿಗೆ ಜನ ಸೇರುವವರೆಗೆ ಕಾಯಬೇಕು, ದ್ವೀಪದ ಕಲ್ಲು, ಚಿಪ್ಪು ಅಂಗಾಲು ಕುಯ್ಯುತ್ತವೆ, ಮಗು ಹಟ ಹಿಡಿದರೆ ಆಗಿಂದಾಗ ಎದ್ದು ಬರಲೂ ಆಗದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳೇ ಮೀನುಗಾರಿಕೆಗೆ ಹೋಗುವುದಿಲ್ಲ. ಹಾಗೆಂದು ಡಿಸೆಂಬರ್ ತನ್ನಿಂದ ತಾನೇ ಸುರಕ್ಷಿತವಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅಲೆ ಎರಡೂ ಪಕ್ಕದಲ್ಲಿ ನೊರೆಯಾಗಿ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಸ್ವಲ್ಪ ಕಪ್ಪಗೆ, ಶಾಂತವಾಗಿ ಕಂಡರೆ ಅಲ್ಲಿ ಸೆಳೆತವಿದೆ ಎಂದು ತಿಳಿಯಿರಿ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ದಾರಿ ಅದು. ‘ಇಲ್ಲಿ ಅಲೆ ಕಡಿಮೆ’ ಎಂದು ಮಕ್ಕಳನ್ನು ಕರೆದುಕೊಂಡು ಹೋಗುವುದು ಬಹಳ ಸಲ ಅಲ್ಲಿಗೇ.

ಐದರೊಳಗಿನ ಮಗುವಿಗೆ ನೀರಿನ ಆಳ ಅದರ ಮೊಣಕಾಲಿನವರೆಗೆ, ಅಷ್ಟೇ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಯಳತೆಯಲ್ಲಿ, ಕಡಲಿನ ಬದಿಗೆ ನಿಂತು. ದಡದ ಬದಿಗೆ ನಿಂತರೆ ಮಗು ಒಳಕ್ಕೆ ಜಾರಿದಾಗ ನೀವು ಹಿಂದೆ ಬೀಳುತ್ತೀರಿ. ಅತ್ತೆ, ಮಾವ, ಚಿಕ್ಕಮ್ಮ ಎಲ್ಲ ಸೇರಿ ಎಂಟು ಜನ ಹೋದಾಗಲೇ ಮಗು ಕಣ್ತಪ್ಪುವುದು. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. 15 ನಿಮಿಷಕ್ಕೊಮ್ಮೆ ಪಾಳಿ ಬದಲಿಸಿ, ‘ಈಗ ನೀನು ನೋಡು’ ಎಂದು ಬಾಯಿಬಿಟ್ಟು ಹೇಳಿ. ಪಾಳಿಯಲ್ಲಿರುವವರ ಕೈಯಲ್ಲಿ ಫೋನ್ ಇರಕೂಡದು. ಮಗುವಿನ ಬಟ್ಟೆ ಕಿತ್ತಳೆಯೋ ಕಡುಗುಲಾಬಿಯೋ ಇರಲಿ. ನೀಲಿ, ಬಿಳಿ ಎರಡೂ ನೀರು, ನೊರೆಯಲ್ಲಿ ಕಾಣುವುದಿಲ್ಲ. ಸನ್‌ಸ್ಕ್ರೀನ್ ಹಚ್ಚುವ ಮೊದಲು ಮುಂಗೈ ಒಳಬದಿಗೆ ಬಾಲ್‌ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ.

ಅಲೆ ಬಂದಾಗ ಮಗುವನ್ನು ಒಂದೇ ಕೈ ಹಿಡಿದು ಜಗ್ಗಿ ಎತ್ತುವುದು ಎಲ್ಲರೂ ಮಾಡುವ ಕೆಲಸ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಹೀಗೆ ಜಗ್ಗಿದರೆ ಮೊಣಕೈಯ ಮೂಳೆ ತನ್ನನ್ನು ಹಿಡಿದಿಡುವ ಪಟ್ಟಿಯಿಂದ ಜಾರಬಹುದು. ಊತ ಇರುವುದಿಲ್ಲ, ಆದರೆ ಮಗು ಆ ಕೈಯನ್ನು ಸ್ವಲ್ಪ ಮಡಿಸಿ ಮೈಗೆ ಒತ್ತಿಕೊಂಡು, ಆಡಿಸಲು ಒಪ್ಪದೆ ಅಳುತ್ತದೆ. ನೀವೇ ಎಳೆದು, ತಿರುಗಿಸಿ ಸರಿಮಾಡಲು ಹೋಗಬೇಡಿ, ಎಣ್ಣೆ ಹಾಕಿ ತಿಕ್ಕಲೂ ಬೇಡಿ; ಮೂಳೆ ಮುರಿದಿಲ್ಲವೆಂದು ನೋಡಿ ವೈದ್ಯರು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಕೂರಿಸುತ್ತಾರೆ. ಎತ್ತುವುದಾದರೆ ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿ.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಹೋದಮೇಲೆ ಮಗು ನೀರಿಗೇ ಇಳಿಯದಿರಬಹುದು. ಒಂದೂವರೆಯಿಂದ ಮೂರು ವರ್ಷದವರಲ್ಲಿ ಇದು ತೀರಾ ಸಾಮಾನ್ಯ: ಸದ್ದು ದೊಡ್ಡದು, ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳೂ ಸರಿಯುತ್ತದೆ. ‘ಒಂದು ಸಲ ಮುಳುಗಿಸಿದರೆ ಹೆದರಿಕೆ ಹೋಗುತ್ತೆ’ ಎನ್ನುವ ಮಾವಂದಿರನ್ನು ದೂರವಿಡಿ. ಅಲೆ ತಲುಪದ ಒದ್ದೆ ಮರಳಿನಲ್ಲಿ ಕೂತು, ಒಂದು ಸ್ಟೀಲ್ ಚೊಂಬು, ಹಳೆಯ ಸೌಟು ಕೊಟ್ಟು, ಬಕೆಟ್ಟಿನಲ್ಲಿ ಕಡಲನೀರು ತಂದಿಡಿ. ಅರ್ಧ ಗಂಟೆಯಲ್ಲಿ ತಾನಾಗಿ ನೀರಿನ ಕಡೆ ನಡೆದರೆ ಸರಿ, ಇಲ್ಲವಾದರೆ ಅವತ್ತಿಗೆ ಮರಳಾಟವೇ ಸಾಕು. ಗುಂಡಿ ತೋಡುವುದು ಅತಿ ಚಿಕ್ಕ ಮಗುವಿನ ಮೊಣಕಾಲಿನಷ್ಟು ಆಳಕ್ಕೆ ನಿಲ್ಲಲಿ. ಬದಿ ಕುಸಿದರೆ ಒದ್ದೆ ಮರಳಿನ ಭಾರ ಬಹಳ. ಹೊರಡುವಾಗ ಮುಚ್ಚಿಬನ್ನಿ.

ಸಾಮಾನ್ಯ ಡೈಪರ್ ಕಡಲಿನಲ್ಲಿ ನೀರು ಕುಡಿದು ಮೊಣಕಾಲಿಗೆ ಇಳಿಯುತ್ತದೆ, ಒಡೆದರೆ ಒಳಗಿನ ಜೆಲ್ ತೊಡೆಗೆಲ್ಲ ಮೆತ್ತುತ್ತದೆ. ಈಜಿನ ಡೈಪರ್ ಹಾಕಿ, ಇಲ್ಲವೇ ಬರೀ ಬಿಗಿಯಾದ ಚಡ್ಡಿ. ಮೈಗೆಲ್ಲ ಕೊಬ್ಬರಿ ಎಣ್ಣೆ ಬಳಿದರೆ ಉಪ್ಪು ಹಿಡಿಯುವುದಿಲ್ಲ ಎಂದು ಅಜ್ಜಿಯರು ಹೇಳುತ್ತಾರೆ. ಉಪ್ಪಿನ ಮಾತು ಹೇಗೋ, ಮರಳಂತೂ ಚೆನ್ನಾಗಿ ಹಿಡಿಯುತ್ತದೆ. ತೊಡೆಸಂದಿಗೆ, ಕಂಕುಳಿಗೆ ಮಾತ್ರ ತೆಳ್ಳಗೆ ಹಚ್ಚಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಆರು ತಿಂಗಳೊಳಗಿನ ಕೂಸಿಗೆ ನೆರಳೇ ಮದ್ದು. ಬೆಚ್ಚಗಿನ ನೀರೇ ಆದರೂ ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಯಾದರೆ, ಹಲ್ಲು ಕಟಕಟ ಎಂದರೆ ‘ಇನ್ನೊಂದೇ ಅಲೆ’ ಎನ್ನದೆ ಎತ್ತಿಕೊಂಡು ಬನ್ನಿ.

ಶವರ್ ಇಲ್ಲದ ತೀರವಾದರೆ ಇಬ್ಬರು ಮಕ್ಕಳ ಸಂಸಾರಕ್ಕೆ ತೊಳೆಯಲು 20 ಲೀಟರಿನ ಒಂದು ಕ್ಯಾನ್, ಒಂದು ಮಗ್ಗು, ಕುಡಿಯಲು ಬೇರೆಯಾಗಿ 5 ಲೀಟರ್ ಬೇಕು. ಒದ್ದೆ ಮೈ ಮೇಲಿನ ಮರಳನ್ನು ಟವೆಲಿನಿಂದ ಉಜ್ಜಿದರೆ ಚರ್ಮ ಕೆಂಪಾಗುತ್ತದೆ. ಸಂದುಗೊಂದುಗಳಿಗೆ ಮೊದಲು ನೀರು ಸುರಿಯಿರಿ. ಕೈಕಾಲಿಗೆ ಮೆತ್ತಿದ್ದನ್ನು ಗಾಳಿಗೆ ಒಣಗಲು ಬಿಟ್ಟು, ಒಂದಿಷ್ಟು ಮೆಕ್ಕೆಜೋಳದ ಗಂಜಿಪುಡಿ (ಕಾರ್ನ್‌ಫ್ಲೋರ್) ಸವರಿ ಕೊಡವಿದರೆ ತಾನಾಗಿ ಉದುರುತ್ತದೆ. ಪುಡಿಯನ್ನು ಮುಖದ ಹತ್ತಿರ ಹಾರಿಸಬೇಡಿ. ಪಾದ ಕೊನೆಗೆ, ಮಗುವನ್ನು ಕಾರಿನ ಡಿಕ್ಕಿಯ ಅಂಚಿನಲ್ಲಿ ಕೂರಿಸಿಕೊಂಡು. ಕಣ್ಣಿಗೆ ಮರಳು ಬಿದ್ದರೆ ಕೈ ಎರಡೂ ಹಿಡಿದುಕೊಂಡು ಕುಡಿಯುವ ನೀರನ್ನು ಮೂಗಿನ ಬದಿಯಿಂದ ಹೊರಕ್ಕೆ ಹರಿಸಿ.

ಬುತ್ತಿಗೆ ಒಂದೊಂದನ್ನೇ ಬಾಯಿಗಿಡಬಹುದಾದದ್ದು ಬೇಕು: ಚಟ್ನಿಪುಡಿ, ತುಪ್ಪ ಸವರಿದ ಇಡ್ಲಿ, ಬಾಳೆಹಣ್ಣು, ಖರ್ಜೂರ. ಚಿತ್ರಾನ್ನಕ್ಕೆ ಒಮ್ಮೆ ಮರಳು ಬಿತ್ತೆಂದರೆ ಮುಗಿಯಿತು. ಮೊಸರನ್ನ ಕರಾವಳಿಯ ಸೆಕೆಗೆ ಮಧ್ಯಾಹ್ನದೊಳಗೆ ಹುಳಿ. ಕಡಲನೀರು ನಾಲ್ಕು ಗುಟುಕು ಕುಡಿದ ಮಗು ಒಮ್ಮೆ ವಾಂತಿ ಮಾಡಿದರೆ ಗಾಬರಿಯಿಲ್ಲ, ಕುಡಿಯುವ ನೀರು ಕೊಡಿ. ವಾಂತಿ ಮುಂದುವರಿದರೆ ಓಆರ್‌ಎಸ್ ಬೇಕು. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ಅದನ್ನೂ ಚಮಚದಲ್ಲಿ ಕೊಡಿ. ಮುಳುಗಿ ಎದ್ದ ಮಗುವಿಗೆ ಕೆಮ್ಮು ನಿಲ್ಲದಿದ್ದರೆ, ಉಸಿರು ಏದುಸಿರಾದರೆ, ಹೊತ್ತಲ್ಲದ ಹೊತ್ತಿನಲ್ಲಿ ಮಂಪರು ಬಂದರೆ ಮಾತ್ರ ಕಾಯಬಾರದು, ನೇರ ಆಸ್ಪತ್ರೆಗೆ. ಜೆಲ್ಲಿಫಿಶ್ (ಲೋಳೆಮೀನು) ದಡದಲ್ಲಿ ಸತ್ತುಬಿದ್ದಿದ್ದರೂ ಮುಟ್ಟಿದರೆ ಚುಚ್ಚುತ್ತದೆ. ಚುಚ್ಚಿದ ಜಾಗವನ್ನು ಕಡಲನೀರಿನಲ್ಲೇ ತೊಳೆದು, ತಿಕ್ಕದೆ, ಮಗು ತಡೆಯುವಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಡಿ. ನೀರಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ 112. ಕರಾವಳಿ ಕಾವಲು ಪಡೆಗೆ 1554.

ದಾರಿಯ ವಿಷಯ ಚುಟುಕಾಗಿ. ಶಿರಾಡಿ ಘಾಟಿಯಲ್ಲಿ ವಾಂತಿ ತಪ್ಪಿಸಲು ತಿಂಡಿಯನ್ನು ಸಕಲೇಶಪುರದವರೆಗೆ ತಳ್ಳದೆ ಹಾಸನದಲ್ಲೇ ಮುಗಿಸಿ, ಎಣ್ಣೆಯ ಪೂರಿ, ವಡೆ ಬಿಟ್ಟು. ಘಾಟಿ ಇಳಿಯುವಾಗ ಮಗುವಿನ ಕೈಯಿಂದ ಫೋನ್ ತೆಗೆದುಕೊಳ್ಳಿ. ವಾಂತಿಯ ಮಾತ್ರೆಗಳಲ್ಲಿ ಕೆಲವು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದಂಥವು, ಊರಲ್ಲೇ ವೈದ್ಯರನ್ನು ಕೇಳಿಕೊಂಡು ಹೊರಡಿ. ರಾತ್ರಿಯ ಪಂಚಗಂಗಾ ರೈಲಿನಲ್ಲಿ ಹೋದರೆ ಘಾಟಿಯ ತಿರುವಿನ ಕಾಟವಿಲ್ಲ, ಆದರೆ ಉಡುಪಿಯಲ್ಲಿ ಇಳಿಯುವುದು ಬೆಳಕು ಹರಿಯುವ ಮುನ್ನ, ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ. ಹೆಚ್ಚು ದುಡ್ಡು ಕೊಟ್ಟಾದರೂ ಬೇಗ ಕೋಣೆ ಗೊತ್ತುಮಾಡಿಕೊಳ್ಳಿ.

ವಾಪಸ್ ಹೊರಡುವಾಗ ಮರಳು ಮೆತ್ತಿದ ಬಟ್ಟೆಯನ್ನು ಒಣಗಿಸಿ, ಕೊಡವಿ, ಆಮೇಲೆ ಬೇರೆ ಚೀಲಕ್ಕೆ ಹಾಕಿ. ಹಾಗೇ ವಾಷಿಂಗ್ ಮೆಷಿನ್ನಿಗೆ ಹಾಕಿದರೆ ನೀರು ಹೋಗುವ ಪಂಪು ಕಟ್ಟುತ್ತದೆ. ಚಡ್ಡಿಯ ಜೇಬುಗಳನ್ನು ತಪ್ಪದೆ ನೋಡಿ. ಮಕ್ಕಳು ಆರಿಸಿಟ್ಟುಕೊಂಡ ಶಂಖದೊಳಗೆ ಏಡಿ ಇದ್ದರೆ ಶಂಖದ ಸಮೇತ ಅಲ್ಲೇ ಬಿಟ್ಟುಬನ್ನಿ. ಇಲ್ಲವಾದರೆ ಹಾಸನ ತಲುಪುವಷ್ಟರಲ್ಲಿ ಕಾರೆಲ್ಲ ನಾರುತ್ತಿರುತ್ತದೆ, ಯಾವ ಜೇಬಿನಲ್ಲಿದೆ ಎಂದು ಮಗು ಹೇಳುವುದಿಲ್ಲ.