ಅಕ್ವೇರಿಯಂಗೆ ಎಂಥ ಕಲ್ಲು, ಎಂಥ ಹರಳು?

ಮನೆಯ ಅಕ್ವೇರಿಯಂಗೆ ಕಲ್ಲು ಆರಿಸುವಾಗ ಬಣ್ಣಕ್ಕಿಂತ ಮೊದಲು ಅದು ನೀರಿನಲ್ಲಿ ಕರಗುತ್ತದೆಯೇ ಎಂಬುದನ್ನು ನೋಡಬೇಕು. ಸುಣ್ಣದಕಲ್ಲು, ಅಮೃತಶಿಲೆ, ಹವಳ, ಚಿಪ್ಪುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ನಿಧಾನವಾಗಿ ಕರಗಿ ನೀರಿನ ಗಡಸುತನವನ್ನೂ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮಟ್ಟವನ್ನೂ ಏರಿಸುತ್ತದೆ; ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಇದು ಹಿತವಾದರೂ, ಮೆದು ನೀರಿನ ನಿಯಾನ್ ಟೆಟ್ರಾಗಳಿಗೆ, ಅದರಲ್ಲೂ ಕೊಳವೆಬಾವಿಯ ಗಡಸು ನೀರನ್ನೇ ತುಂಬುವ ಮನೆಗಳಲ್ಲಿ, ಖಂಡಿತ ಒಗ್ಗದು. ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ಗುಳ್ಳೆ ಎದ್ದರೆ ಅದರಲ್ಲಿ ಈ ಕಾರ್ಬೊನೇಟ್ ಇದೆ ಎಂದರ್ಥ; ನಾನು ಅದನ್ನು ಬಿಟ್ಟುಬಿಡುತ್ತೇನೆ. ಗ್ರಾನೈಟ್, ಬೆಣಚುಕಲ್ಲುಗಳಲ್ಲಿ ಈ ಚಿಂತೆಯಿಲ್ಲ.

ತಳಕ್ಕೆ 2ರಿಂದ 5 ಮಿಲಿಮೀಟರ್ ಗಾತ್ರದ, ಅಂಚು ನಯವಾದ ಹರಳು ಸಾಕು. ಹರಳು ಬಹಳ ದೊಡ್ಡದಾದರೆ ಸಂದುಗಳಲ್ಲಿ ಆಹಾರ ಸಿಕ್ಕಿ ಕೊಳೆಯುತ್ತದೆ. ತಳವನ್ನು ಕೆದಕಿ ತಿನ್ನುವ ಕೋರಿಡೋರಸ್ ಮೀನಿನ ಮೀಸೆಗಳು ಬಹಳ ಸೂಕ್ಷ್ಮವಾದ್ದರಿಂದ ಅವುಗಳಿಗೆ ನುಣುಪಾದ ಮರಳನ್ನೇ ಹಾಸಿ. ಭಾರವಾದ ಕಲ್ಲುಗಳನ್ನು ಹರಳು ಸುರಿಯುವ ಮೊದಲೇ ಭದ್ರವಾಗಿ ಕೂರಿಸಬೇಕು; ಇಲ್ಲವಾದರೆ ಮೀನು ತಳವನ್ನು ಅಗೆದಾಗ ಕಲ್ಲು ಉರುಳಿ ಗಾಜು ಒಡೆಯಬಹುದು.