ಹಳಿ ಮುಗಿದ ಜಾಗ

ಕಲಬುರಗಿಯಿಂದ ಅಕ್ಕನ ಮನೆಗೆ ಹೋಗಲು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಪುಣೆ-ಮುಂಬೈ ನಡುವಿನ ಬೋರ್ ಘಾಟ್ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಲೋಣಾವಳಾ ದಾಟಿದ್ದೇ ಸುರಂಗ, ಬೆಳಕು, ಮತ್ತೆ ಸುರಂಗ. ಮಕ್ಕಳು ಕೂಗುತ್ತವೆ, ನಾನು ಸೀಟಿನಡಿ ಚಪ್ಪಲಿ ಹುಡುಕುತ್ತೇನೆ. ಘಾಟ್ ಎಂದರೆ ನನಗೆ ಇಷ್ಟೇ ಆಗಿತ್ತು, ಹೋದ ತಿಂಗಳು ಆ ಫೋಟೋ ಕಣ್ಣಿಗೆ ಬೀಳುವವರೆಗೆ.

ಖಂಡಾಲಾ ಬಳಿಯ ಹಳೆಯ ರಿವರ್ಸಿಂಗ್ ಸ್ಟೇಷನ್ನಿನ ಚಿತ್ರ ಅದು. 19ನೆಯ ಶತಮಾನದ್ದು, ಚಹಾದ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ರೈಲೇ ಇಲ್ಲ! ಬೆಟ್ಟದ ಮೂಗಿನ ಮೇಲೆ ಹಳಿ ಬಂದು ಮುಗಿದಿದೆ, ಆಚೆ ಕಣಿವೆ. ಆಕಾಶ ಬರೀ ಬಿಳಿ, ಒಂದು ಮೋಡವೂ ಇಲ್ಲ. ಆ ಕಾಲದ ಗಾಜಿನ ಪ್ಲೇಟಿಗೆ ನೀಲಿಯೂ ಬಿಳಿಯೂ ಒಂದೇ ಆಗಿ ಕಾಣುತ್ತಿತ್ತಲ್ಲ. ಕಲ್ಲುಬಂಡೆಯ ಒಂದೊಂದು ಬಿರುಕೂ ಚೊಕ್ಕವಾಗಿದೆ, ಪಕ್ಕದ ಗಿಡ ಮಾತ್ರ ಹೊಗೆಯಂತೆ ಕಲಸಿಹೋಗಿದೆ. ಗಾಳಿ ಬೀಸಿರಬೇಕು. ಹಳಿಯ ಪಕ್ಕ ಒಬ್ಬ ಮುಂಡಾಸಿನವ ನಿಂತಿದ್ದಾನೆ. ಕಾಲು ಸ್ಪಷ್ಟ, ತಲೆ ಎರಡು. ಅಲುಗಾಡಬೇಡ ಎಂದವರ ಮಾತು ಕೇಳಿಲ್ಲ ಪುಣ್ಯಾತ್ಮ.

ಅಮ್ಮನಿಗೆ ತೋರಿಸಿದೆ. "ಇಲ್ಲಿಂದ ಮುಂದ ಹೆಂಗ ಹೋಗ್ತದ?" ಅಂದಳು.

ಮುಂದೆ ಹೋಗುತ್ತಲೇ ಇರಲಿಲ್ಲ. ಗಾಡಿ ತಿರುಗಲು ಬೆಟ್ಟ ಜಾಗ ಕೊಡಲಿಲ್ಲ. ಅದಕ್ಕೆ ತುದಿಯಲ್ಲಿ ನಿಲ್ಲಿಸಿ, ಇಂಜಿನ್ ಬಿಚ್ಚಿ ಇನ್ನೊಂದು ಕಡೆ ಕಟ್ಟಿ, ಬಾಲವನ್ನೇ ತಲೆ ಮಾಡಿಕೊಂಡು ಇನ್ನೊಂದು ಹಳಿಯಲ್ಲಿ ಹೊರಡುವುದು. 1863ರಲ್ಲಿ ಘಾಟ್ ತೆರೆದಾಗಿನಿಂದ 1929ರವರೆಗೂ ಇದೇ ವ್ಯವಸ್ಥೆ.

ಈ ಘಾಟಿನಲ್ಲಿ ಹಳಿ ಹಾಕುವ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಕೆಲಸ ಕೈಬಿಡದೆ ಮುಗಿಸಿಕೊಟ್ಟವಳು ಹೆಂಡತಿ ಆಲಿಸ್. ಅವರ ಹೆಸರಾದರೂ ಉಳಿದಿದೆ. ಕೆಲಸ ಜೋರಾಗಿದ್ದಾಗ ಘಾಟಿನಲ್ಲಿ 40,000ಕ್ಕೂ ಹೆಚ್ಚು ಆಳುಗಳಿದ್ದರು, ಕಾಲರಾ ಬಂದು ಎಷ್ಟೋ ಜನ ಸತ್ತರು. ಎರಡು ತಲೆಯವನನ್ನು ನಾನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುವುದು ಅದಕ್ಕೇ. ಇವನು ಕಲ್ಲು ಒಡೆದವನೋ, ಆಮೇಲೆ ನೌಕರಿಗೆ ಬಂದವನೋ?

ಮೊನ್ನೆ ವಾಪಸ್ ಬರುವಾಗ ಕರ್ಜತ್‌ನಲ್ಲಿ ವಡಾ ಪಾವ್ ಹಿಡಿದು ಕೂತಿದ್ದೆ. ಹಿಂದಿನಿಂದ ಬ್ಯಾಂಕರ್ ಇಂಜಿನ್ ಬಂದು ತಾಗಿತು, ಧಡಕ್! ಚಹಾ ಪ್ಯಾಂಟಿನ ಮೇಲೆ. 37 ಅಡಿಗೆ ಒಂದು ಅಡಿ ಏರು, ಇವತ್ತಿಗೂ ಹಿಂದಿನಿಂದ ತಳ್ಳಲೇಬೇಕು. ಖಂಡಾಲಾ ಬರುವವರೆಗೆ ಕಿಟಕಿಗೆ ಹಣೆ ಒತ್ತಿಕೊಂಡೇ ಇದ್ದೆ. ಆ ಮೂಗು ಕಾಣಬಹುದು ಎನ್ನುವಷ್ಟರಲ್ಲಿ ಸುರಂಗ ಬಂತು, ಗಾಜಿನಲ್ಲಿ ನನ್ನದೇ ಮುಖ.