ಮೂರು ಬಣ್ಣದ ನೆಲ, ಒಂದು ಇಂಚು ಎತ್ತರ

ಕಲಬುರಗಿಯಿಂದ ಶಹಾಬಾದ್, ಚಿತ್ತಾಪುರ, ಮಳಖೇಡ, ಸೇಡಂ, ಚಿಂಚೋಳಿ, ಚಂದ್ರಂಪಳ್ಳಿ, ಬೀದರ್. ವಾಪಸ್ ಬರುವಾಗ ಹುಮನಾಬಾದ್, ಕಮಲಾಪುರ. ಎರಡು ದಿನದ ಸುತ್ತು. ಇಷ್ಟನ್ನೂ ಡಾಂಬರಿನ ಮೇಲೇ ಮುಗಿಸಬಹುದು, ಅದಕ್ಕೆ ಯಾವ ಕಾರಿಗೂ ಏನೂ ಮಾಡಿಸಬೇಕಾಗಿಲ್ಲ. ಆದರೆ ನನಗೂ ನನ್ನ ತಮ್ಮನಿಗೂ ಡಾಂಬರು ಬಿಟ್ಟು ಇಳಿಯುವ ಚಟ. ಕಲ್ಲಿನ ಗಣಿ ಪಕ್ಕದ ದಾರಿ, ಹೊಲದ ಬಂಡಿ ದಾರಿ, ತಾಂಡಾಗಳ ಕಡೆ ಏರುವ ಕೆಂಪು ದಾರಿ ಕಂಡರೆ ಸ್ಟೇರಿಂಗ್ ತಾನಾಗಿ ತಿರುಗುತ್ತದೆ. ಅಂಥ ದಾರಿಗೆ ಕಾರನ್ನು ಎಷ್ಟು ಎತ್ತರಿಸಬೇಕು, ಹೇಗೆ ಎತ್ತರಿಸಬೇಕು ಅಂತ ಅಂಥವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಗಾಡಿ ಮಾರುತಿಯ ಸಣ್ಣ ಕಾರು ಇಗ್ನಿಸ್. ಕಂಪನಿ ಹೇಳುವಂತೆ ನೆಲಕ್ಕೂ ಗಾಡಿಯ ತಳಕ್ಕೂ ಅಂತರ 180 ಮಿ.ಮೀ. ಎಂಜಿನ್ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ. ನಾಲ್ಕು ಜನ ಕೂತು ಡಿಕ್ಕಿ ತುಂಬಿದರೆ ಆ 180 ಎಲ್ಲಿ ಉಳಿಯುತ್ತದೆ?

ಹೋದ ವರ್ಷ ಇದೇ ದಾರಿಗೆಂದು ಒಂದು ಗ್ಯಾರೇಜಿನಲ್ಲಿ 40 ಮಿ.ಮೀ. ಎತ್ತರಿಸಿದ್ದೆ. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದಾಗಿರುವ ಕಂಬ) ತಲೆಯ ಮೇಲೆ ಅಲ್ಯೂಮಿನಿಯಂ ಸ್ಪೇಸರ್, ಅಂದರೆ ಎತ್ತರ ಕೊಡುವ ದಪ್ಪ ಬಿಲ್ಲೆ, ಹಿಂದೆ ಕಾಯಿಲ್ ಸ್ಪ್ರಿಂಗ್ ಮೇಲೆ ದಪ್ಪ ರಬ್ಬರ್. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ನೋಡಲು ಗಾಡಿ ಎದೆ ಉಬ್ಬಿಸಿ ನಿಂತಂಗಿತ್ತು. ಮೊಣಕಾಲು ನೋವಿನ ಅವ್ವ ಮಾತ್ರ ಬಾಗಿಲ ಹತ್ತಿರ ನಿಂತು, "ಇದು ಕಾರೇನೋ ಎತ್ತಿನ ಬಂಡಿಯೇನೋ? ಹತ್ತಾಕ ಒಂದ್ ಮಣಿ ತಂದಿಡು" ಅಂದಳು. ಆಗ ನಕ್ಕೆವು.

ನಗು ಬಹಳ ದಿನ ಉಳಿಯಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಕ್ಸಿಲೇಟರ್ ಒತ್ತಿದರೆ ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು. ಗುಂಡಿ ದಾಟುವಾಗ ಹಿಂದಿನಿಂದ ಧಡ್ ಅನ್ನುವ ಇನ್ನೊಂದು ಸದ್ದು. ಎರಡಕ್ಕೂ ಕಾರಣ ಆ ಎತ್ತರವೇ. ಗಾಡಿಯ ಮೈ ಮೇಲೆ ಹೋದರೂ ಚಕ್ರ ನೆಲದಲ್ಲೇ ಇರುತ್ತದೆ. ಎಂಜಿನ್‌ನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಆಗ ಜಾಸ್ತಿ ಓರೆಯಾಗಿ ಕೆಲಸ ಮಾಡಬೇಕು. ಅದರ ತುದಿಯ ಕೀಲು, ಅಂದರೆ ಸಿವಿ ಜಾಯಿಂಟ್, ಆ ಓರೆಯಲ್ಲಿ ಬೇಗ ಸವೆಯುತ್ತದೆ, ಅದರ ರಬ್ಬರ್ ಬೂಟ್ ಹರಿಯುತ್ತದೆ. ನಮ್ಮದು ಹರಿದು ಗ್ರೀಸೆಲ್ಲ ರಿಮ್ ಮೇಲೆ ಚಿಮ್ಮಿತ್ತು. ಹಿಂದುಗಡೆ ಕಥೆ ಬೇರೆ. ಅಲ್ಲಿ ಸ್ಪ್ರಿಂಗೇ ಬೇರೆ, ಶಾಕ್ ಅಬ್ಸಾರ್ಬರೇ ಬೇರೆ. ಸ್ಪ್ರಿಂಗ್ ಕೆಳಗೆ ದಬ್ಬಿದಷ್ಟು ಶಾಕ್ ಅಬ್ಸಾರ್ಬರ್ ಉದ್ದ ಆಗುವುದಿಲ್ಲವಲ್ಲ. ಚಕ್ರ ಗುಂಡಿಗೆ ಇಳಿದಾಗ ಅದು ಪೂರ್ತಿ ಚಾಚಿ, ತನ್ನ ಕೊನೆಗೆ ಬಡಿಯುತ್ತದೆ. ಧಡ್ ಸದ್ದು ಅದೇ.

ಆ 40 ಮಿ.ಮೀ. ತೆಗೆಸಿ, ಈ ಸಲ ಬೇರೆ ಮಿಸ್ತ್ರಿ ಹತ್ತಿರ ಹೋದೆವು. ವಯಸ್ಸಾದವರು, ಜೀಪಿನ ಕಮಾನು ಪಟ್ಟಿ ಕಾಲದಿಂದ ಕೆಲಸ ಮಾಡಿದವರು. "ಎತ್ತರ ಮಾಡೋದು ಆಮ್ಯಾಲ ಸಾಹೇಬ್ರ. ಮೊದಲ ಇದ್ದದ್ದು ಸರಿ ಅದನೋ ಇಲ್ಲೋ ನೋಡಮು" ಅಂದರು. ಗಾಡಿಯ ಒಂದೊಂದು ಮೂಲೆಯನ್ನೂ ಎರಡು ಕೈಯಿಂದ ಒತ್ತಿ ಬಿಟ್ಟರು. ಒತ್ತಿ ಬಿಟ್ಟಾಗ ಮೈ ಒಮ್ಮೆ ಎದ್ದು ನಿಲ್ಲಬೇಕು. ನಮ್ಮದು ಹಿಂದೆ ಮೂರು ಸಲ ಕುಣಿಯಿತು. ಶಾಕ್ ಅಬ್ಸಾರ್ಬರ್ ಸತ್ತಿತ್ತು, ಎಣ್ಣೆ ಸೋರಿದ ಗುರುತೂ ಇತ್ತು. ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳಿನ (ಲೋವರ್ ಆರ್ಮ್) ರಬ್ಬರ್ ಬುಷ್ ಬಿರುಕು ಬಿಟ್ಟಿತ್ತು. ಸ್ಪ್ರಿಂಗ್ ಕೂಡ ಕುಸಿದಿತ್ತು. ಹೊಸ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್ ಹಾಕಿಸಿದ ಮೇಲೆ ಗಾಡಿ ತನ್ನಷ್ಟಕ್ಕೆ ತಾನೇ ಮೇಲೆದ್ದಿತು, ಸ್ಪೇಸರ್ ಇನ್ನೂ ಡಬ್ಬಿಯಲ್ಲೇ ಇತ್ತು. ನಿಮ್ಮ ಗಾಡಿ ಐವತ್ತು, ಅರವತ್ತು ಸಾವಿರ ಕಿ.ಮೀ. ಓಡಿದ್ದರೆ ದುಡ್ಡನ್ನು ಮೊದಲು ಇಲ್ಲಿ ಹಾಕಿ.

ಎತ್ತರ ಅಳೆಯುವುದಕ್ಕೂ ಒಂದು ರೀತಿ ಇದೆ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕದಲ್ಲಿ ಸೇರಿ ಹಾಳಾಗುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್ (ಚಕ್ರದ ಮೇಲಿನ ಕಮಾನು) ಅಂಚಿನವರೆಗೆ ಅಳೆಯಿರಿ. ನಾಲ್ಕೂ ಕಡೆ ಬರೆದಿಡಿ, ಕೆಲಸ ಮುಗಿದ ಮೇಲೆ ಮತ್ತೆ ಅಳೆಯಿರಿ.

ಕೊನೆಗೆ ಹಾಕಿಸಿದ್ದು ಹಿಂದೆ ಮುಂದೆ 25 ಮಿ.ಮೀ. ಮಾತ್ರ, ಅಂದರೆ ಒಂದು ಇಂಚು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ನಮ್ಮಂಥ ಕಾರಿಗೆ ತಲೆಯ ಮೇಲೆ 25 ಮಿ.ಮೀ. ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಏಳುತ್ತದೆ. ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಡಬಲ್ ವಿಶ್‌ಬೋನ್ ಗಾಡಿಗಳಲ್ಲಿ ಸ್ಪ್ರಿಂಗ್ ತೋಳಿನ ನಡುವೆ ಕೂತಿರುವುದರಿಂದ ಅಷ್ಟೇ ದಪ್ಪದ ಸ್ಪೇಸರ್ ಗಾಡಿಯನ್ನು ಇನ್ನೂ ಜಾಸ್ತಿ ಎತ್ತುತ್ತದೆ. ಬೇರೆಯವರ ಗಾಡಿ ಲೆಕ್ಕ ನಿಮ್ಮದಕ್ಕೆ ಹೊಂದುವುದಿಲ್ಲ. ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಸ್ಪ್ರಿಂಗನ್ನು ಬಿಗಿ ಮಾಡುತ್ತದೆ ಅಷ್ಟೇ. ಖಾಲಿ ಗಾಡಿಯಲ್ಲಿ ಸೊಂಟಕ್ಕೆ ಏಟು. ನನಗೆ ಹಿಡಿಸಲಿಲ್ಲ.

ಸ್ಪೇಸರ್ ಕೂರಿಸಿದ ಮೇಲೆ ಗಾಡಿ ಲಿಫ್ಟ್ ಮೇಲಿರುವಾಗಲೇ ಚಕ್ರ ಪೂರ್ತಿ ಜೋತುಬಿಡಲಿ. ಸ್ಟೇರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಬ್ರೇಕ್ ಪೈಪ್, ಎಬಿಎಸ್ ವೈರ್ ಎಲ್ಲಾದರೂ ಎಳೆಯುತ್ತಿದೆಯಾ ನೋಡಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, 500 ಕಿ.ಮೀ. ಓಡಿಸಿ ಇನ್ನೊಮ್ಮೆ ಮಾಡಿಸಿ. ಎತ್ತರವಾದಾಗ ಕ್ಯಾಂಬರ್ (ಚಕ್ರ ಮೇಲೆ ಕೆಳಗೆ ಓರೆಯಾಗುವುದು), ಟೋ (ಚಕ್ರದ ಮುಂತುದಿ ಒಳಗೆ ಹೊರಗೆ ತಿರುಗುವುದು) ಎರಡೂ ಬದಲಾಗುತ್ತವೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೆಡ್‌ಲೈಟ್ ಕೂಡ ಹೊಂದಿಸಿಕೊಳ್ಳಿ, ಎದುರಿನವರ ಕಣ್ಣಿಗೆ ಹೊಡೆಯಬಾರದು.

ಟೈರಿನ ಅಳತೆ 175/65 ಆರ್15 ಇತ್ತು, ಅದಕ್ಕಿಂತ ಸ್ವಲ್ಪ ದೊಡ್ಡದಾದ 185/65 ಆರ್15 ಹಾಕಿಸಿದೆ. ಅದರಿಂದ ಸಿಕ್ಕ ಎತ್ತರ ಆರು ಮಿ.ಮೀ. ಚಿಲ್ಲರೆ, ಆದರೂ ಅದು ಬೇರೆ ಜಾತಿಯ ಎತ್ತರ. ಸ್ಪೇಸರ್ ಗಾಡಿಯ ಮೈಯನ್ನಷ್ಟೇ ಎತ್ತುತ್ತದೆ. ಚಕ್ರಕ್ಕೆ ಕಟ್ಟಿಕೊಂಡಿರುವ ಭಾಗಗಳು ಇದ್ದಲ್ಲೇ ಇರುತ್ತವೆ. ಬೊಲೆರೊ, ಜಿಪ್ಸಿಯಂಥ ಗಾಡಿಗಳ ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಗುಂಡು ಎಷ್ಟು ಲಿಫ್ಟ್ ಹಾಕಿದರೂ ನೆಲಕ್ಕೆ ಅಷ್ಟೇ ಹತ್ತಿರ. ಅದನ್ನು ಎತ್ತುವುದು ದೊಡ್ಡ ಟೈರು ಒಂದೇ. ನಾನು ಹಾಕಿಸಿದ ಟೈರಿಗೆ ಸ್ಪೀಡೋಮೀಟರ್ ಶೇಕಡಾ 2ರಷ್ಟು ಕಡಿಮೆ ತೋರಿಸುತ್ತದೆ, ನೆನಪಿರಲಿ.

ಕಾನೂನಿನ ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯ ವಿವರ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಒಂದು ಇಂಚನ್ನು ಯಾರು ಅಳೆಯುತ್ತಾರೆ ಅನ್ನಬೇಡಿ. ಅಪಘಾತವಾದ ದಿನ ವಿಮೆಯವರು ಅಳೆಯುತ್ತಾರೆ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆ ಕಂಪನಿಗೆ ಬರೆದು ತಿಳಿಸಿ. ವಾರಂಟಿ ಇದ್ದರೆ ಅದು ಮುಗಿಯುವವರೆಗೆ ಕಾಯಿರಿ.

ಇನ್ನು ದಾರಿ. ನವೆಂಬರ್ ಕೊನೆಯ ವಾರ ಹೊರಟೆವು. ತೊಗರಿ ಹಳದಿ ಹೂ ಬಿಟ್ಟಿತ್ತು. ಶಹಾಬಾದ್ ದಾಟಿದ ಮೇಲೆ ಕಲ್ಲಿನ ಗಣಿಗಳ ಕಡೆ ಇಳಿದೆವು. ನಮ್ಮ ಕಡೆ ಮನೆ ಮನೆಯ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಇಲ್ಲಿಯದೇ. ಪದರ ಪದರವಾಗಿ ಏಳುವ ಸುಣ್ಣಕಲ್ಲು, ಒಡೆದಾಗ ಅಂಚು ಚಾಕುವಿನಂತೆ. ಇಲ್ಲಿ ಭಯ ಎರಡಕ್ಕೆ, ಎಂಜಿನ್ ತಳಕ್ಕೆ ಮತ್ತು ಟೈರಿನ ಪಕ್ಕೆಗೆ. ತಳಕ್ಕೆ 3 ಮಿ.ಮೀ. ಉಕ್ಕಿನ ಗಾರ್ಡ್ ಹಾಕಿಸಿದ್ದೆ. ಆಯಿಲ್ ಬದಲಿಸಲು ಅದರಲ್ಲಿ ತೂತು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಸಲ ಪೂರ್ತಿ ಬಿಚ್ಚಬೇಕು. ಒಂದು ಕಡೆ ಗರ್‌ರ್ ಅಂತ ಉಜ್ಜಿತು, ಇಳಿದು ನೋಡಿದರೆ ಗಾರ್ಡಿನ ಮೇಲೆ ಗೀರು ಮಾತ್ರ. ಟೈರಿನ ಗಾಳಿ ಇಲ್ಲಿ ಇಳಿಸಬೇಡಿ. ಗಾಳಿ ಕಡಿಮೆಯಾದರೆ ಪಕ್ಕೆ ಉಬ್ಬುತ್ತದೆ, ಫರ್ಸಿ ಅಂಚಿಗೆ ಅದೇ ಬೇಕಾಗಿರುವುದು. ಗಣಿಯ ಒಳಗೂ ಹೋಗಬೇಡಿ, ನೀರು ತುಂಬಿದ ಹಳೆಯ ಗುಂಡಿಗಳು ಅಂಚಿಗೆ ಹೋಗುವವರೆಗೆ ಕಾಣುವುದೇ ಇಲ್ಲ.

ಚಿತ್ತಾಪುರ ದಾಟಿ ಮಳಖೇಡದ ಕಡೆ ಬರುವಾಗ ಸಿಮೆಂಟ್ ಲಾರಿಗಳ ಸಾಲು. ತಮ್ಮ ಎಡಕ್ಕಿದ್ದ ಬಂಡಿ ದಾರಿ ತೋರಿಸಿ, "ಅಣ್ಣಾ, ಹೊಲದಾಗಿಂದ ಹೋದ್ರ ಆಯ್ತಲ್ಲ, ಈಗ ಗಾಡಿ ಎತ್ತರ ಅದ" ಅಂದ. ಹಿಂದಿನ ರಾತ್ರಿ ಅಕಾಲದ ಮಳೆಯಾಗಿತ್ತು, ನಮಗೆ ಗೊತ್ತಿರಲಿಲ್ಲ. ಮೇಲ್ಮೈ ಒಣಗಿದಂತೆ ಕಾಣುತ್ತಿತ್ತು. ಮೊದಲ ಇನ್ನೂರು ಮೀಟರ್ ನಮ್ಮ ಒಂದು ಇಂಚು ಕೆಲಸಕ್ಕೆ ಬಂತು. ಗಾಲಿ ಹಾದಿಗಳ ನಡುವಿನ ದಿಂಡು ತಳಕ್ಕೆ ತಾಗಲಿಲ್ಲ. ಆಮೇಲೆ ಎರೆ ಮಣ್ಣು ತನ್ನ ಗುಣ ತೋರಿಸಿತು. ನೀರು ಕುಡಿದ ಎರೆ ಉಬ್ಬುತ್ತದೆ, ಅಂಟುತ್ತದೆ. ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಅದನ್ನು ಬೋಳು ಮಾಡಿಬಿಡುತ್ತದೆ. ಎಕ್ಸಿಲೇಟರ್ ಒತ್ತಿದಷ್ಟೂ ಚಕ್ರ ಇದ್ದಲ್ಲೇ ಸುತ್ತಿ ಕೆಳಗೆ ಹೋಯಿತು. ಎತ್ತರ ಮಾಡಿಸಿದ್ದಕ್ಕೂ ಹಿಡಿತಕ್ಕೂ ಏನೇನೂ ಸಂಬಂಧವಿಲ್ಲ.

ಟ್ರ್ಯಾಕ್ಟರ್ ತಂದ ಕಾಕಾ ನಮ್ಮನ್ನೂ ಗಾಡಿಯನ್ನೂ ನೋಡಿ, "ಗಾಡಿ ಮ್ಯಾಲ ಮಾಡಿದ್ರ ನೆಲ ಗಟ್ಟಿ ಆಗ್ತದೇನ್ರಿ?" ಅಂದರು. ಉತ್ತರ ಇರಲಿಲ್ಲ. ಅವರು ಹಗ್ಗವನ್ನು ಮುಂದಿನ ಲೋವರ್ ಆರ್ಮಿಗೆ ಕಟ್ಟಲು ಬಗ್ಗಿದರು. ಕೈಮುಗಿದು ತಡೆದೆ. ಅಲ್ಲಿಗೆ ಕಟ್ಟಿ ಎಳೆದರೆ ಆರ್ಮ್ ಬಾಗುತ್ತದೆ, ಗಾಡಿ ಒಂದು ಕಡೆಗೇ ಎಳೆಯಲು ಶುರುಮಾಡುತ್ತದೆ. ಜಾಕ್ ಜೊತೆ ಕಂಪನಿ ಕೊಟ್ಟ ಕೊಕ್ಕೆ ಇರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂರಿಸಿ, ಅದಕ್ಕೇ ಹಗ್ಗ ಕಟ್ಟಬೇಕು. ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ಕೂರಿಸಿ ನೋಡಿ. ಕೆಸರಿನಲ್ಲಿ ಕೂತು ಹುಡುಕುವ ವಸ್ತು ಅಲ್ಲ ಅದು. ಕಾಕಾ ದುಡ್ಡು ಮುಟ್ಟಲಿಲ್ಲ, "ಕರಿ ನೆಲದಾಗ ಮಳಿ ಬಿದ್ದ ಮೂರ್ ದಿನ ಇಳಿಬ್ಯಾಡ್ರಿ" ಅಂತ ಮಾತ್ರ ಹೇಳಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಲದ ದಾರಿ ಮರೆತೇಬಿಡಿ.

ಮಳಖೇಡದ ಕೋಟೆ ನೋಡಲು ಸಿಕ್ಕಿದ್ದು ಅರ್ಧ ಗಂಟೆ. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ ಆಳಿದ ಊರು. ಕಾಗಿಣಾ ನದಿಯ ದಂಡೆಯಲ್ಲಿ ಕೆಸರು ಮೆತ್ತಿದ ಪ್ಯಾಂಟಿನಲ್ಲಿ ನಿಂತು ನೋಡಿದೆವು. ಸೇಡಂನಲ್ಲಿ ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ರಾತ್ರಿ ಚಿಂಚೋಳಿಯ ಸಾದಾ ಲಾಡ್ಜು.

ಮರುದಿನ ನೆಲ ಕೆಂಪಾಯಿತು. ಚಿಂಚೋಳಿ ವನ್ಯಜೀವಿ ಧಾಮ ಸುಮಾರು 135 ಚದರ ಕಿ.ಮೀ. ಇದೆ. ಅದರ ನಡುವೆ ಚಂದ್ರಂಪಳ್ಳಿ ಜಲಾಶಯ. ಬಿಸಿಲೂರಿನ ನಮಗೆ ಆ ಹಸಿರು, ಆ ನೀರು ನಂಬಲು ಕಷ್ಟ. ಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ದಾರಿ ಬಿಟ್ಟು ಒಂದು ಗಾಲಿಯೂ ಇಳಿಸಬಾರದು. ನಮ್ಮ ಆಟ ಏನಿದ್ದರೂ ಧಾಮದ ಹೊರಗೆ, ತಾಂಡಾಗಳ ಕಡೆಯ ದಾರಿಗಳಲ್ಲಿ. ಫೋನಿನ ನೆಟ್‌ವರ್ಕ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಪೆಟ್ರೋಲ್ ಚಿಂಚೋಳಿಯಲ್ಲೇ ತುಂಬಿಸಿ.

ಒಂದು ಇಂಚಿನ ನಿಜವಾದ ಬೆಲೆ ಗೊತ್ತಾದದ್ದು ಈ ಜಂಬಿಟ್ಟಿಗೆ, ಅಂದರೆ ಕೆಂಪು ಕಲ್ಲಿನ ದಾರಿಯಲ್ಲಿ. ಮಳೆನೀರು ಕೊರೆದ ಅಡ್ಡ ಕಾಲುವೆಗಳು, ಮೆಟ್ಟಿಲಿನಂಥ ಕಲ್ಲು. ಹೋದ ವರ್ಷ 40 ಮಿ.ಮೀ. ಇದ್ದಾಗ ಇಲ್ಲೇ ಗಾಡಿ ಓಲಾಡಿ ಅವ್ವ ಬಾಗಿಲ ಹಿಡಿಕೆ ಬಿಟ್ಟಿರಲಿಲ್ಲ. ಈ ಸಲ ಅಷ್ಟು ಓಲಾಟವಿಲ್ಲ, ಬಂಪರ್ ಮೂಗೂ ಉಜ್ಜಲಿಲ್ಲ. ಕಾಲುವೆಯನ್ನು ತೀರಾ ಓರೆಯಾಗಿ ದಾಟಬೇಡಿ. ಎದುರುಬದುರು ಮೂಲೆಯ ಎರಡು ಚಕ್ರ ಗಾಳಿಯಲ್ಲಿ ತೇಲುತ್ತವೆ. ಮುಂದಿನ ಒಂದು ಚಕ್ರ ತೇಲಿದರೆ ನಮ್ಮಂಥ ಗಾಡಿ ಅಲ್ಲೇ ನಿಂತಿತು ಅಂತ ಲೆಕ್ಕ. ಹಾಗಾದರೆ ರೇಸ್ ಮಾಡದೆ ಹಿಂದೆ ಸರಿದು, ಸ್ವಲ್ಪ ನೇರವಾಗಿ ಮತ್ತೆ ಹತ್ತಿಸಿ. ಇಲ್ಲಿ ಗಾಳಿಯನ್ನು 33ರಿಂದ 26 ಪಿಎಸ್‌ಐಗೆ ಇಳಿಸಿದ್ದೆ, ಗಾಡಿ ಮೆತ್ತಗೆ ನಡೆಯಿತು. ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಸಬೇಕು. ಸಿಗರೇಟ್ ಲೈಟರಿಗೆ ಹಾಕುವ ಸಣ್ಣ ಪಂಪ್ ಸಾಕು.

ಬೀದರ್ ರಸ್ತೆಗೆ ಬಂದು ಎಪ್ಪತ್ತು ದಾಟಿದಾಗ ಸ್ಟೇರಿಂಗ್ ನಡುಗಲು ಶುರುವಾಯಿತು. ಎಂಬತ್ತಕ್ಕೆ ಕೈ ಮರಗಟ್ಟುವಷ್ಟು. ಎದೆ ಧಸಕ್ ಅಂತು. ಸ್ಪೇಸರ್ ಬೋಲ್ಟ್ ಸಡಿಲವೋ, ಮತ್ತೆ ಸಿವಿ ಜಾಯಿಂಟೋ ಅಂತ ತಮ್ಮನೂ ನಾನೂ ಬೀದರ್‌ವರೆಗೆ ನಲವತ್ತರಲ್ಲಿ ತೆವಳಿದೆವು. ಅಲ್ಲಿನ ಒಂದು ವಾಟರ್ ಸರ್ವಿಸಿನಲ್ಲಿ ಗಾಡಿ ಮೇಲೇರಿಸಿದರು. ಹುಡುಗ ಮುಂದಿನ ರಿಮ್ಮಿನ ಒಳಗೆ ಕೈ ಹಾಕಿ ಬೊಗಸೆ ತುಂಬುವಷ್ಟು ದೊಡ್ಡ ಕರಿ ಹೆಂಟೆ ಕಿತ್ತು ತೋರಿಸಿದ. ಮಳಖೇಡದ ಎರೆ ಒಣಗಿ ಸಿಮೆಂಟಿನಂತಾಗಿತ್ತು. ಚಕ್ರದ ಸಮತೋಲವೇ ಕೆಟ್ಟಿತ್ತು, ಅಷ್ಟೇ. ಒತ್ತಡದ ನೀರು ಹೊಡೆಸುವಾಗ ಸಿವಿ ಬೂಟಿಗೆ ನೇರ ಹೊಡೆಸಬೇಡಿ, ರಿಮ್ಮಿನ ಒಳಮೈ ಮತ್ತು ಸ್ಪ್ರಿಂಗ್ ಕೂರುವ ತಟ್ಟೆ ಮರೆಯಬೇಡಿ.

ತೊಳೆದ ಗಾಡಿಯಲ್ಲಿ ಬೀದರ್ ಕೋಟೆ ಕಡೆ ಹೋದೆವು. ಅದೇ ಕೆಂಪು ಕಲ್ಲನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕದ ಮುಂದೆ ನಿಂತು ತಮ್ಮ, "ಇದನ್ನ ದಾಟಾಕ ಎಷ್ಟು ಇಂಚು ಬೇಕಣ್ಣಾ?" ಅಂದ. ಸಂಜೆ ಹುಮನಾಬಾದ್ ಮೇಲೆ ಹಾದು ಕಮಲಾಪುರದಲ್ಲಿ ಅವ್ವನಿಗೆ ಕೆಂಪು ಬಾಳೆಹಣ್ಣು ತಗೊಂಡೆವು. ತೊಂಬತ್ತರಲ್ಲೂ ಸ್ಟೇರಿಂಗ್ ಅಲುಗಲಿಲ್ಲ. ಕಲಬುರಗಿಗೆ ಬಂದ ಮರುದಿನ ಮಿಸ್ತ್ರಿ ಸ್ಪೇಸರ್ ಬೋಲ್ಟುಗಳನ್ನೆಲ್ಲ ಟಾರ್ಕ್ ಪಾನಾ ಹಾಕಿ ನೋಡಿದರು. ಹಿಂದಿನ ಶಾಕ್ ಅಬ್ಸಾರ್ಬರಿನ ಒಂದು ನಟ್ ಕಾಲು ಸುತ್ತು ತಿರುಗಿತು.